ಸೀಲಮ್ಮನ ಮಹಜರು

ನಮ್ಮ ಬೀದಿಯ ಕೊನೆಯ ಮನೆಯ ಮೇಡಂಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ. ಆದರೆ ಮೂವತ್ತೊಂದು ವರ್ಷ ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪಾಸಣೆಯ ಕೆಲಸ ಮಾಡಿ, ಊರಿನ ಅರ್ಧದಷ್ಟು ಮೀಟರುಗಳಿಗೆ ಕೈಯಾರೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿದ ಮೇಲೆ, ಊರು ಅವರಿಗೆ ಇಟ್ಟ ಹೆಸರು ಸೀಲಮ್ಮ. ಎದುರಿಗೆ ಯಾರೂ ಹಾಗೆ ಅನ್ನುವುದಿಲ್ಲ. ಹಿಂದಿನಿಂದ ಯಾರು, ಯಾವ ದಿನ, ಎಲ್ಲಿ ನಿಂತು ಅಂದರು ಎಂಬುದು ಮಾತ್ರ ಅವರಿಗೆ ಹೇಗೋ ಗೊತ್ತಿರುತ್ತದೆ.

ನಾನು ಅದೇ ಬೀದಿಯ ಈ ತುದಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವವನು. ಮೊಳೆ, ಹಗ್ಗ, ಬಕೆಟ್ಟು, ಟಾರ್ಪಾಲು, ಟಾರ್ಚು. ಜೊತೆಗೆ ಸಿಲಿಂಡರಿನ ಏಜೆನ್ಸಿಯೂ ಇದೆ: ವೆಲ್ಡಿಂಗ್ ಮಾಡುವವರಿಗೆ ಒಂದು ಬಗೆ, ಉಸಿರಾಟದ ಕಾಯಿಲೆಯವರಿರುವ ಮನೆಗೆ ಇನ್ನೊಂದು ಬಗೆ. ವರ್ಷಕ್ಕೊಮ್ಮೆ ಬಿರುಗಾಳಿಯ ಕಾಲ ಬರುತ್ತದೆ. ಆಕಾಶ ಕಪ್ಪಾದಷ್ಟೂ ನನ್ನ ಅಂಗಡಿ ಬೆಳಗುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಹಾಗೆ ಆಡಿಕೊಂಡವರೇ ಟಾರ್ಚಿನ ಸೆಲ್ಲಿಗೆ ಸಾಲಿನಲ್ಲಿ ನಿಂತಿರುತ್ತಾರೆ.

ಸೀಲಮ್ಮ ಮಾತ್ರ ಆ ಸಾಲಿನಲ್ಲಿ ನಿಂತವರಲ್ಲ. ಗಾಳಿ ಇನ್ನೂ ಸಮುದ್ರದಲ್ಲಿ ಮೈ ಮುರಿಯುತ್ತಿರುವಾಗಲೇ, ಅಂಗಡಿ ಖಾಲಿ ಇರುವ ಹೊತ್ತು ನೋಡಿ ಬರುತ್ತಾರೆ. ಒಂದು ಡಜನ್ ಸೆಲ್ಲು ಕೇಳಿದರೆ ಹನ್ನೆರಡನ್ನೂ ಒಂದೊಂದಾಗಿ ತಮ್ಮದೇ ಟಾರ್ಚಿಗೆ ಹಾಕಿ ನನ್ನ ಮುಖಕ್ಕೇ ಬಿಟ್ಟು ನೋಡುತ್ತಾರೆ. ಪೊಟ್ಟಣದ ಮೇಲಿನ ತಾರೀಕನ್ನು ಉಗುರಿನಿಂದ ಕೆರೆದು, ಕೆಳಗೆ ಇನ್ನೊಂದು ತಾರೀಕು ಅಡಗಿದೆಯೇ ಎಂದು ಹುಡುಕುತ್ತಾರೆ. ಹಗ್ಗವನ್ನು ಕಾಲಿಗೆ ಸುತ್ತಿ ಎಳೆದು ನೋಡುತ್ತಾರೆ.

"ಮೇಡಂ, ಇಷ್ಟು ವರ್ಷದಲ್ಲಿ ನಾನು ನಿಮಗೆ ಒಂದ್ಸಲಾದ್ರೂ ಮೋಸ ಮಾಡಿದೀನಾ?"

"ಸಿಕ್ಕಿಬಿದ್ದಿಲ್ಲ," ಎಂದರು ಒಮ್ಮೆ, ಹಗ್ಗದಿಂದ ಕಣ್ಣೆತ್ತದೆ. "ಮಾಡಿದೀರೋ ಇಲ್ವೋ ಅದು ಬೇರೆ ಮಾತು, ಸಾವ್ಕಾರ್ರೇ."

ಅವರನ್ನು ಪೂರಾ ದೂರುವುದೂ ಸರಿಯಲ್ಲ. ಮೂವತ್ತೊಂದು ವರ್ಷ ದಿನಕ್ಕೆ ನಲವತ್ತು ಮನೆಯ ಬಾಗಿಲು ತಟ್ಟಿ, ನಲವತ್ತು ನಗುಮುಖಗಳ ಹಿಂದೆ ಕದ್ದು ಎಳೆದ ತಂತಿ ನೋಡಿದವರು. ಪೂಜ್ಯ ಮೇಷ್ಟ್ರ ಮನೆಯ ಮೀಟರಿನಲ್ಲಿ ಚಕ್ರ ತಿರುಗದಂತೆ ಸೂಜಿ ಸಿಕ್ಕಿಸಿಟ್ಟಿದ್ದನ್ನು ಕಂಡವರು. ಆ ಕೆಲಸದಲ್ಲಿ ಅವರು ಕಲಿತದ್ದು ಎರಡೇ. ಮನುಷ್ಯ ಸುಳ್ಳು ಹೇಳುತ್ತಾನೆ, ಮೀಟರು ಹೇಳುವುದಿಲ್ಲ. ಸೀಲು ಮುರಿದಿದ್ದರೆ ಕಳ್ಳತನ, ಮುರಿಯದಿದ್ದರೆ ಒಳಗಿನದು ಒಳಗೇ ಇದೆ. ನಿವೃತ್ತಿಯ ದಿನ ಕಚೇರಿಯ ಸೀಲು ಒತ್ತುವ ಇಕ್ಕಳವನ್ನು ಒಪ್ಪಿಸಿ, ಮರುದಿನ ಬೆಳಿಗ್ಗೆಯೇ ನನ್ನ ಅಂಗಡಿಗೆ ಬಂದು ಅಂಥದ್ದೇ ಒಂದನ್ನು ತರಿಸಿಕೊಡಿ ಎಂದರು. ತಂತಿಯ ಸುರುಳಿ, ಸೀಸದ ಗುಂಡುಗಳ ಪೊಟ್ಟಣ ಕೂಡ.

"ಮನೇಲಿ ಸೀಲು ಯಾತಕ್ಕೆ ಮೇಡಂ?"

"ಮನೇಲೇ ಅಲ್ವಾ ಬೇಕಾಗೋದು?"

ಮನೆಯಲ್ಲಿ ಇರುವವರು ಮೂವರೇ. ಸೀಲಮ್ಮ, ಅವರ ಗಂಡ, ಗಂಡನ ತಂಗಿ. ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿರುವ ವೆಲ್ಡರು. ಗಂಡ ಮರಗೆಲಸದ ಮೇಸ್ತ್ರಿ. ನಮ್ಮ ಬೀದಿಯ ಬಾಗಿಲು ಕಿಟಕಿಗಳಲ್ಲಿ ಹೆಚ್ಚಿನವು ಅವರ ಕೈಯಲ್ಲೇ ಮಾಡಿದವು. ನಲವತ್ತು ವರ್ಷ ಒಳಗೆಳೆದುಕೊಂಡ ಮರದ ಹೊಟ್ಟು ಶ್ವಾಸಕೋಶದಲ್ಲಿ ಬಿಡಾರ ಹೂಡಿತ್ತು. ಈಗ ಮುಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿ, ಪಕ್ಕದಲ್ಲಿ ಗುಂಯ್ ಎನ್ನುವ ಆಕ್ಸಿಜನ್ ಮಷೀನು, ಮೂಗಿಗೆ ಸಣ್ಣ ಕೊಳವೆ. ಮಷೀನು ಓಡುವುದು ಕರೆಂಟಿನಲ್ಲಿ. ಹೋದ ವರ್ಷದ ಗಾಳಿಗೆ ಕಂಬ ಬಿದ್ದು ಕರೆಂಟು ಹೋದಾಗ ಇಪ್ಪತ್ತೇ ನಿಮಿಷದಲ್ಲಿ ಮೇಸ್ತ್ರಿಯ ತುಟಿ ನೀಲಿಯಾಗಿತ್ತು. ಯಾರದೋ ಗಾಡಿ ಸಿಕ್ಕಿ, ಆಸ್ಪತ್ರೆ ತಲುಪಿ, ಬದುಕಿ ಬಂದರು. ಡಾಕ್ಟರು ಸೀಲಮ್ಮನಿಗೆ ಒಂದೇ ಮಾತು ಹೇಳಿದರಂತೆ: "ಇನ್ನೊಂದ್ಸಲ ಹೀಗಾದ್ರೆ ಇಲ್ಲಿಗೆ ಬರೋವರೆಗೂ ಉಳಿಯಲ್ಲ. ಕರೆಂಟನ್ನ ನಂಬಬೇಡಿ. ತುಂಬಿದ ಸಿಲಿಂಡರ್ ಒಂದು ಮನೇಲಿರಲಿ."

ಕರೆಂಟಿನವರಿಗೇ ಕರೆಂಟನ್ನು ನಂಬಬೇಡಿ ಎಂದ ಆ ಡಾಕ್ಟರೊಬ್ಬರ ಮೇಲೆ ಮಾತ್ರ ಸೀಲಮ್ಮನಿಗೆ ಇಂದಿಗೂ ಸಂಶಯವಿಲ್ಲ.

ಈ ವರ್ಷ ಗಾಳಿಯ ಕಾಲಕ್ಕೆ ಮೂರು ವಾರ ಮೊದಲೇ ಸಿದ್ಧತೆ ಶುರುವಾಯಿತು. ಕಿಟಕಿ ಗಾಜುಗಳಿಗೆ ಅಡ್ಡಡ್ಡ ಟೇಪು. ಚಾವಣಿಯ ತಗಡಿಗೆ ಹೊಸ ಮೊಳೆ. ಬಾಗಿಲಿಗೆ ಬಾಗಿದ ಕೊಂಬೆಗಳಿಗೆ ಗರಗಸ. ಮನೆಯ ಕಾಗದಪತ್ರವೆಲ್ಲ ಪ್ಲಾಸ್ಟಿಕ್ಕಿನೊಳಗೆ. ಇಷ್ಟೆಲ್ಲ ಯಾವ ಮನೆಯಲ್ಲಾದರೂ ಮಾಡುತ್ತಾರೆ. ಸೀಲಮ್ಮ ಮಾಡಿ ಮುಗಿಸಿದ್ದಕ್ಕೆಲ್ಲ ಸೀಲು ಹಾಕಿದರು. ಮೇಣದ ಬತ್ತಿಯ ಪೆಟ್ಟಿಗೆ, ಸೀಮೆಎಣ್ಣೆಯ ಕ್ಯಾನು, ನೀರಿನ ಡ್ರಮ್ಮಿನ ಮುಚ್ಚಳ, ಔಷಧದ ಡಬ್ಬ, ಬಿಸ್ಕತ್ತಿನ ಡಬ್ಬ: ಎಲ್ಲಕ್ಕೂ ತಂತಿ, ತಂತಿಯ ತುದಿಗೆ ಸೀಸದ ಗುಂಡು, ಗುಂಡಿನ ಮೇಲೆ ಮೊಳೆಯಿಂದ ಗೀರಿದ ನಂಬರು.

ಅವರ ನಾದಿನಿ ಮನೆಯಲ್ಲೇ ಹೊಲಿಗೆ ಮಾಡುವವಳು. ಬಾಯಿ ಕತ್ತರಿಗಿಂತ ಹರಿತ. ದಾರ ಕೊಳ್ಳಲು ಹೊರಟವಳು ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ನಿಂತು ವರದಿ ಒಪ್ಪಿಸಿ ಹೋಗುತ್ತಾಳೆ.

"ನಮ್ಮನೇಲಿ ಈಗ ಒಂದು ಬೆಂಕಿಕಡ್ಡಿ ಬೇಕಂದ್ರೂ ಅರ್ಜಿ ಕೊಡ್ಬೇಕು ಸಾವ್ಕಾರ್ರೇ. ನಿನ್ನೆ ಅತ್ತಿಗೇನ ಕೇಳ್ದೆ, ನನ್ನ ಬಾಯಿಗೂ ಒಂದು ಗುಂಡು ಒತ್ತಿಬಿಡಿ ಅಂತ."

"ಏನಂದ್ರು?"

"ಅಷ್ಟುದ್ದ ತಂತಿ ಇಲ್ವಂತೆ."

ಸಿಲಿಂಡರು ತಂದುಕೊಟ್ಟವನು ನಾನೇ. ಆಳೆತ್ತರದ್ದು. ಮೇಸ್ತ್ರಿಯ ಕುರ್ಚಿಯ ಹಿಂದೆ, ಗೋಡೆಗೆ ಸರಪಳಿಯಿಂದ ಕಟ್ಟಿ ನಿಲ್ಲಿಸಿದೆ. ಅದರ ಕತ್ತಿಗೆ ರೆಗ್ಯುಲೇಟರು ಕೂರಿಸಿದೆ. ರೆಗ್ಯುಲೇಟರಿನ ಮೇಲೆ ಗಡಿಯಾರದಂಥ ಗುಂಡು ಮೀಟರು ಇರುತ್ತದೆ, ಒಳಗೆ ಎಷ್ಟು ತುಂಬಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ವಾಲ್ವು ತಿರುಗಿಸಿದೆ. ಮುಳ್ಳು ಜಿಗಿದು ನೂರೈವತ್ತಕ್ಕೆ ನಿಂತಿತು. ತುಂಬಿದ ಸಿಲಿಂಡರು.

"ನೋಡ್ಕೊಳ್ಳಿ ಮೇಡಂ. ನೂರೈವತ್ತು."

ಅವರು ಕನ್ನಡಕ ಏರಿಸಿ, ಬಗ್ಗಿ, ಎಡದಿಂದಲೂ ಬಲದಿಂದಲೂ ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ, ನೂರೈವತ್ತು ಎಂದು ಬರೆದರು. ನಾನು ವಾಲ್ವು ಮುಚ್ಚಿದೆ. ಬೇಕಾದಾಗ ತೆರೆದುಕೊಳ್ಳುವುದು ಹೇಗೆಂದು ತೋರಿಸಿದೆ. ಅವರು ವಾಲ್ವಿನ ಹಿಡಿಗೂ ಸಿಲಿಂಡರಿನ ಕತ್ತಿಗೂ ಸೇರಿಸಿ ತಂತಿ ಬಿಗಿದು ಗುಂಡು ಒತ್ತಿದರು. ಒಂದನೇ ನಂಬರು. ಆ ಹೊತ್ತಿನಲ್ಲಿ ನಾನು ಇನ್ನೊಂದು ವಾಕ್ಯ ಹೇಳಬೇಕಿತ್ತು. ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಮಾತು ಎಂದುಕೊಂಡೆ. ಅಂಗಡಿಯಲ್ಲಿ ಟಾರ್ಪಾಲು ಕೊಳ್ಳುವವರು ಕಾಯುತ್ತಿದ್ದರು.

ಮಹಡಿಯ ವೆಲ್ಡರು ಆಗ ಮೆಟ್ಟಿಲಿಳಿದು ಬರುತ್ತಿದ್ದ. ಸಿಲಿಂಡರನ್ನು ನೋಡಿ ಅಂಗೈಯಿಂದ ಎರಡು ಸಲ ತಟ್ಟಿದ, ಎಮ್ಮೆ ಕೊಳ್ಳುವವನು ಬೆನ್ನು ತಟ್ಟುವ ಹಾಗೆ.

"ಒಳ್ಳೆ ಮಾಲು ಅಮ್ಮಾ. ಎಷ್ಟು ದಿನ ಬರುತ್ತೆ ಗೊತ್ತಾ ಇದು?"

ಸೀಲಮ್ಮ ಕನ್ನಡಕ ಸರಿಮಾಡಿಕೊಂಡರು. ಆ ತಟ್ಟಿದ ಕೈಯನ್ನೇ ನೋಡಿದರು.

ಮುಂದಿನದನ್ನು ನಾನು ಆಮೇಲೆ ಅವರ ನೋಟ್‌ಬುಕ್ಕಿನಲ್ಲೇ ಓದಿದೆ. ಮೊದಲ ಎರಡು ದಿನ ನೂರೈವತ್ತು. ಮೂರನೇ ದಿನ ನೂರ ನಲವತ್ತು. ಐದನೇ ದಿನ ನೂರ ಹತ್ತು. ಏಳನೇ ದಿನ ಅರವತ್ತು. ಪ್ರತಿ ಸಾಲಿನ ಮುಂದೆಯೂ ಕೆಂಪು ಶಾಯಿಯಲ್ಲಿ: ಸೀಲು ಸರಿಯಿದೆ.

ಸೀಲು ಸರಿಯಿದೆ, ಮುಳ್ಳು ಇಳಿಯುತ್ತಿದೆ. ಅವರ ಮೂವತ್ತೊಂದು ವರ್ಷದಲ್ಲಿ ಕಾಣದ ಕಳ್ಳತನ. ಬೇರೆ ಯಾರಾದರೂ ಆಗಿದ್ದರೆ ನೇರ ನನ್ನ ಹತ್ತಿರ ಬಂದು, ಇದೇನು ಎಂದು ಕೇಳಿಬಿಡುತ್ತಿದ್ದರು. ಆದರೆ ಕಳ್ಳನನ್ನೇ ಹೋಗಿ, ಹೇಗೆ ಕದ್ದೆಯಪ್ಪಾ ಎಂದು ಕೇಳುವ ಪದ್ಧತಿ ತಪಾಸಣೆಯವರಲ್ಲಿಲ್ಲ. ಅವರ ಪಟ್ಟಿಯಲ್ಲಿ ಇಬ್ಬರಿದ್ದರು. ತುಂಬಿದ್ದೆಂದು ತೋರಿಸಿ ಅರ್ಧ ಸಿಲಿಂಡರು ತಗುಲಿಸಿದ ಅಂಗಡಿಯವನು. ದಿನಾ ಆಕ್ಸಿಜನ್ ಹಚ್ಚಿ ಕಬ್ಬಿಣ ಕತ್ತರಿಸುವ ಕೆಲಸದ ವೆಲ್ಡರು. ಈ ವಿಷಯದಲ್ಲಿ ತಿಳಿದವರು ಇಡೀ ಬೀದಿಯಲ್ಲಿ ನಾವಿಬ್ಬರೇ. ಅದಕ್ಕೇ ಮುಳ್ಳಿನ ಸುದ್ದಿಯನ್ನು ನಮ್ಮಿಬ್ಬರ ಮುಂದೆ ಮಾತ್ರ ಎತ್ತಲಿಲ್ಲ.

ಸಿಲಿಂಡರಿನ ಸುತ್ತ ನೆಲಕ್ಕೆ ಟಾಲ್ಕಂ ಪೌಡರು ಉದುರಿಸಿದರು, ಕಾಲಿನ ಗುರುತು ಬೀಳಲಿ ಎಂದು. ಬೆಳಿಗ್ಗೆ ಬಿದ್ದದ್ದು ನಾದಿನಿ.

"ಅತ್ತಿಗೇ! ಬಿರುಗಾಳಿ ಬರೋಕೆ ಮುಂಚೆ ನನ್ನ ಸೊಂಟ ಮುರೀಬೇಕು ಅಂತ ಏನಾದ್ರೂ ಲಿಸ್ಟಲ್ಲಿದ್ಯಾ?"

"ನೀನು ಆ ಕಡೆ ಯಾಕೆ ಹೋದೆ?"

"ಅಣ್ಣಂಗೆ ಚಹಾ ಕೊಡೋಕೆ! ಇನ್ನು ಚಹಾನ ದೂರದಿಂದ ಎಸೀತೀನಿ ಬಿಡಿ."

ಮೇಸ್ತ್ರಿ ಕುರ್ಚಿಯಲ್ಲಿ ಕೂತು ನಗಲು ಹೋಗಿ ಕೆಮ್ಮಿದರು. ಅವರು ಮಾತು ಕಡಿಮೆ ಮಾಡಿ ಬಹಳ ದಿನವಾಗಿತ್ತು. ಒಂದು ವಾಕ್ಯಕ್ಕೆ ಎರಡು ಉಸಿರು ಖರ್ಚಾಗುತ್ತದೆ, ಹೆಂಡತಿಯ ಜೊತೆ ವಾದಿಸಲು ಅಷ್ಟು ಉಸಿರು ಯಾರಿಗೂ ಇರುವುದಿಲ್ಲ ಎನ್ನುತ್ತಿದ್ದರು.

ವೆಲ್ಡರಿಗೂ ಕಿವಿ ನೆಟ್ಟಗಾಗಿತ್ತು. ಒಂದು ಸಂಜೆ ಅಂಗಡಿಗೆ ಬಂದು ದನಿ ತಗ್ಗಿಸಿದ. "ಸಾವ್ಕಾರ್ರೇ, ಅಮ್ಮ ನನ್ನ ಖಾಲಿ ಮಾಡಿಸ್ತಾರೆ ಅನ್ಸುತ್ತೆ. ನನ್ನ ಸಿಲಿಂಡರಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದಾರೆ. ಮೆಟ್ಟಿಲು ಹತ್ತುವಾಗ ನನ್ನ ಚೀಲ ನೋಡ್ತಾರೆ. ನಿನ್ನೆ ಕೇಳ್ತಾರೆ, ಒಂದು ಸಿಲಿಂಡರಿಂದ ಇನ್ನೊಂದಕ್ಕೆ ತುಂಬೋಕಾಗುತ್ತೇನಪ್ಪಾ ಅಂತ!"

"ನೀನೇನಂದೆ?"

"ಆಗುತ್ತೆ, ಆದರೆ ಮಾಡಬಾರದು ಅಂದೆ. ಬರ್ಕೊಂಡ್ರು!"

ಅವನ ಮಾತು ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಅದೇ ಬೆಳಿಗ್ಗೆ ಸೀಲಮ್ಮ ನನ್ನ ಅಂಗಡಿಗೂ ಬಂದಿದ್ದರು. ಏನೂ ಕೊಳ್ಳದೆ, ತಕ್ಕಡಿಯ ಮುಂದೆ ನಿಂತು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು:

"ಸಾವ್ಕಾರ್ರೇ, ನೀವು ಕೊಡೋದು ಹೇಳಿದಷ್ಟೇ ಇರುತ್ತಾ?"

ನಾನು ತಕ್ಕಡಿಯ ತಟ್ಟೆ ಒರೆಸತೊಡಗಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ: ಸಿಲಿಂಡರಿನಲ್ಲಿ ನನ್ನ ಕೈ ಶುದ್ಧ, ಟಾರ್ಪಾಲಿನಲ್ಲಿ ಅಷ್ಟು ಶುದ್ಧವಲ್ಲ. ಹಿತ್ತಲಿನ ಮರದ ಶೆಡ್ಡಿಗೆಂದು ಅವರು ಒಯ್ದ ಟಾರ್ಪಾಲಿನ ಚೀಟಿಯಲ್ಲಿ ಹದಿನೆಂಟು ಅಡಿ ಎಂದಿತ್ತು. ಆ ಸಲದ ಮಾಲು ಬರುವಾಗಲೇ ಒಂದಡಿ ಕಡಿಮೆ ಬಂದಿತ್ತು. ಚೀಟಿ ಹಚ್ಚಿದವನು ನಾನಲ್ಲ, ಕಿತ್ತವನೂ ನಾನಲ್ಲ.

"ಅದು... ಬಿಸಿಲಿಗೆ ಬಿದ್ರೆ ಸ್ವಲ್ಪ ಕುಗ್ಗೋದುಂಟು ಮೇಡಂ," ಎಂದೆ.

"ಕುಗ್ಗುತ್ತಾ?"

"ಎಲ್ಲಾ ಕಂಪನೀದೂ ಅಷ್ಟೇ."

"ಓಹೋ. ಎಲ್ಲರೂ ಸೇರಿನೇ ಮಾಡ್ತೀರ!" ಎಂದು ತಲೆಯಾಡಿಸಿ ಹೊರಟರು. ಆ ದಿನದ ಪುಟದಲ್ಲಿ ಅವರು ಬರೆದದ್ದು: ಬಿಸಿಲಿಗೆ ಕುಗ್ಗುತ್ತದೆಯಂತೆ. ಅರ್ಧ ಒಪ್ಪಿಕೊಂಡ.

ಹೀಗೆ ಮೂರು ಜನ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ, ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದಾಗ ಹವಾಮಾನದವರು ತಾರೀಕು ಹೇಳಿದರು: ಗುರುವಾರ ಸಂಜೆ ಗಾಳಿ ದಡಕ್ಕೆ ಬರುತ್ತದೆ. ಸೀಲಮ್ಮನ ಮುಳ್ಳು ಅಷ್ಟರಲ್ಲಿ ಸೊನ್ನೆಗೆ ಮುಟ್ಟಿತ್ತು. ಅವರು ಕೈಕಟ್ಟಿ ಕೂರುವವರಲ್ಲ. ನನಗೆ ಗೊತ್ತಾಗದಂತೆ ಪಕ್ಕದ ಊರಿನ ಏಜೆಂಟನಿಗೆ ಫೋನು ಮಾಡಿ ಹೊಸ ಸಿಲಿಂಡರು ಹೇಳಿದ್ದರು. ಗುರುವಾರ ಬೆಳಿಗ್ಗೆ ಗಾಡಿ ಬರುವುದಿತ್ತು. ಅದು ಬರುವ ಮೊದಲು, ಹಳೆಯದು ಮನೆ ಬಿಡುವ ಮೊದಲು, ಕಳ್ಳತನ ಕಾಗದದ ಮೇಲೆ ಬರಬೇಕು.

ಬುಧವಾರ ಮಧ್ಯಾಹ್ನ ನಾದಿನಿ ಅಂಗಡಿಗೆ ಬಂದಳು. ಮುಖದಲ್ಲಿ ಎಂದಿನ ಕುಚೋದ್ಯವಿರಲಿಲ್ಲ.

"ಮೂರು ಗಂಟೆಗೆ ಮನೆಗೆ ಬರ್ಬೇಕಂತೆ. ಮಹಜರು."

"ಯಾವುದರ ಮಹಜರು?"

"ನನ್ನ ಹತ್ರ ಹೇಳ್ತಾರಾ? ನಾನೂ ಸಾಕ್ಷಿಯಂತೆ. ಒಳ್ಳೆ ಬಟ್ಟೆ ಹಾಕ್ಕೊಂಡು ಕೂತ್ಕೋ ಅಂದಿದಾರೆ."

ಟಾರ್ಪಾಲಿನ ಮಹಜರೇ ಇರಬೇಕೆಂದು ನಾನು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು, ಮನಸ್ಸಿನಲ್ಲಿ ನಾಲ್ಕು ಸಮಜಾಯಿಷಿ ಜೋಡಿಸಿಕೊಂಡು ಹೊರಟೆ. ಗಾಳಿ ಆಗಲೇ ಸರಿಯಿರಲಿಲ್ಲ. ಬೀದಿಯ ತಗಡಿನ ಬೋರ್ಡುಗಳು ಒಂದಕ್ಕೊಂದು ಏನೋ ಚಾಡಿ ಹೇಳುವಂತೆ ಬಡಿದುಕೊಳ್ಳುತ್ತಿದ್ದವು. ಆಕಾಶ ಹಂಡೆಯ ತಳದ ಬಣ್ಣಕ್ಕೆ ತಿರುಗಿತ್ತು. ಗುರುವಾರ ಸಂಜೆ ಎಂದವರ ಮೇಲೆ ನನಗೂ ಗುಮಾನಿ ಹುಟ್ಟಿತು.

ಮುಂದಿನ ಕೋಣೆಯಲ್ಲಿ ಮೇಜು ಹಾಕಿತ್ತು. ಬಿಳಿ ಹಾಳೆ, ನಡುವೆ ಕಾರ್ಬನ್ನು, ಪಕ್ಕದಲ್ಲಿ ಸೀಲಿನ ಇಕ್ಕಳ. ಟೇಪು ಹಚ್ಚಿದ ಕಿಟಕಿಯ ಬಳಿ ಮೇಸ್ತ್ರಿ, ಮೂಗಿಗೆ ಕೊಳವೆ, ಪಕ್ಕದಲ್ಲಿ ಗುಂಯ್ ಎನ್ನುವ ಮಷೀನು. ವೆಲ್ಡರು ಗೋಡೆಗೊರಗಿ ನಿಂತಿದ್ದ. ನನ್ನನ್ನು ನೋಡಿ ಹುಬ್ಬೇರಿಸಿದ. ನಾನೂ ಏರಿಸಿದೆ. ಸೀಲಮ್ಮ ಅದನ್ನೂ ಗಮನಿಸಿದರು.

"ಇಬ್ಬರೂ ಹತ್ರ ಬನ್ನಿ. ಮುಟ್ಟಬೇಡಿ. ನೋಡಿ. ಸೀಲು ಹೇಗಿದೆ?"

"ಸರಿಯಿದೆ," ಎಂದೆವು.

"ತಂತಿ?"

"ಸರಿಯಿದೆ."

"ಮುಳ್ಳು?"

ಬಗ್ಗಿ ನೋಡಿದೆ. ಸೊನ್ನೆ. ಅಷ್ಟಾಯಿತು, ಅವರ ಇಷ್ಟು ದಿನದ ಓರೆನೋಟವೆಲ್ಲ ನನಗೆ ಒಂದೇ ಏಟಿಗೆ ಅರ್ಥವಾಯಿತು. ಟಾರ್ಪಾಲಲ್ಲ! ನನಗೆ ಎಷ್ಟು ಹಗುರವಾಯಿತೆಂದರೆ ನಕ್ಕುಬಿಟ್ಟೆ. ನಗಬಾರದಿತ್ತು.

"ನಗ್ತೀರಾ?" ಸೀಲಮ್ಮ ಗಂಡನ ಕಡೆ ಕೈ ತೋರಿಸಿದರು. "ಹೋದ್ವರ್ಷ ಇವರ ತುಟಿ ಯಾವ ಬಣ್ಣಕ್ಕೆ ತಿರುಗಿತ್ತು ಅಂತ ನೀವು ನೋಡಿಲ್ಲ. ನಾನು ನೋಡಿದೀನಿ. ಇದರಲ್ಲಿ ಕದ್ದಿದ್ದು ಗಾಳಿಯಲ್ಲ ಸಾವ್ಕಾರ್ರೇ, ಇವರ ಉಸಿರು."

"ಮೇಡಂ, ಇಲ್ಲಿ ಕೇಳಿ..."

ಅಷ್ಟರಲ್ಲಿ ಚಾವಣಿಯ ಮೇಲೆ ಯಾರೋ ಮರಳಿನ ಲಾರಿ ಸುರಿದ ಹಾಗೆ ಸದ್ದಾಯಿತು. ಬಾಗಿಲು ದಢಾರನೆ ಬಡಿಯಿತು. ದೂರದಲ್ಲೆಲ್ಲೋ ಟ್ರಾನ್ಸ್‌ಫಾರ್ಮರು ಸಿಡಿದ ಶಬ್ದ. ದೀಪ ಆರಿತು. ಅದರ ಹಿಂದೆಯೇ ಮಷೀನಿನ ಗುಂಯ್ ಎನ್ನುವ ಸದ್ದು ಇಳಿದು ಇಳಿದು ನಿಂತಿತು. ಕೂಡಲೇ ಪೀಂ ಎಂದು ಅದರ ಎಚ್ಚರಿಕೆಯ ಕೂಗು ಶುರುವಾಯಿತು. ಗುರುವಾರ ಸಂಜೆಯ ಗಾಳಿ ಬುಧವಾರ ಮಧ್ಯಾಹ್ನವೇ ಬಂದಿತ್ತು.

ಸೀಲಮ್ಮ ಬಾಗಿಲ ಕಡೆ ತಿರುಗಿದರು. "ಗಾಡಿ ನಾಳೆ ಬರೋದು," ಎಂದರು, ಯಾರಿಗೂ ಅಲ್ಲದ ಹಾಗೆ. "ನಾಳೆ ಬೆಳಿಗ್ಗೆ ಬರೋದು."

"ಅಣ್ಣಾ, ನೆಟ್ಟಗೆ ಕೂತ್ಕೋ," ನಾದಿನಿ ಓಡಿ ಮೇಸ್ತ್ರಿಯ ಬೆನ್ನು ಹಿಡಿದಳು. ಮೇಸ್ತ್ರಿ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದು, ಭುಜವೆತ್ತಿ ಉಸಿರೆಳೆಯುತ್ತಿದ್ದರು.

ವೆಲ್ಡರು ಸಿಲಿಂಡರಿನ ವಾಲ್ವಿಗೆ ಕೈ ಹಾಕಿದ. ಸೀಲಮ್ಮ ಅಡ್ಡ ಬಂದರು.

"ಕೈ ತೆಗಿ! ಸೀಲು ಮುರಿದ್ರೆ ಸಾಕ್ಷಿ ಹೋಗುತ್ತೆ ಅಂತ ಗೊತ್ತು ನಿಂಗೆ. ಅದಕ್ಕೇ ಕಾಯ್ತಾ ಇದ್ದೆ ಅಲ್ವಾ?"

"ಅಮ್ಮಾ, ಇದನ್ನ ತಿರುಗಿಸಿ ನೋಡಿದ್ರಾ ನೀವು?"

"ತಿರುಗಿಸೋದು ಯಾಕೆ? ಮುಳ್ಳು ಸೊನ್ನೆಗಿದೆ. ಕಣ್ಣಿಲ್ವಾ?"

"ಅಯ್ಯೋ, ಬಾಗಿಲು ಹಾಕಿದ್ರೆ ಒಳಗೆ ಎಷ್ಟು ಜನ ಇದಾರೆ ಅಂತ ಹೊರಗಿರೋನಿಗೆ ಹೇಗೆ ಗೊತ್ತಾಗುತ್ತೆ ಅಮ್ಮಾ? ಮುಳ್ಳು ಇರೋದು ವಾಲ್ವಿನ ಆಚೆ. ಮುಚ್ಚಿದ ಮೇಲೆ ಅದು ತೋರಿಸೋದು ರೆಗ್ಯುಲೇಟರಿನ ಹೊಟ್ಟೇಲಿ ಉಳಿದ ಗಾಳಿ ಮಾತ್ರ. ಅದು ದಿನ ಕಳೆದ ಹಾಗೆ ಸೋರಿಹೋಗುತ್ತೆ. ಎಲ್ಲಾ ಸಿಲಿಂಡರಲ್ಲೂ ಅಷ್ಟೇ!"

ನಾನು ಹೇಳದೆ ಬಿಟ್ಟ ವಾಕ್ಯ ಅದೇ. "ನಿಜ ಮೇಡಂ," ಎಂದೆ. "ಸಿಲಿಂಡರು ತುಂಬಿದೆ."

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. ಮೇನ್ ಸ್ವಿಚ್ಚು ಆರಿಸಿದರೂ ಮೀಟರಿನ ಅಂಕಿ ಎಲ್ಲಿಗೂ ಹೋಗುವುದಿಲ್ಲ. ಮೂವತ್ತೊಂದು ವರ್ಷ ಅವರು ಓದಿದ ಮೀಟರುಗಳೆಲ್ಲ ಅಂಥವು. ಈಗ ಇಬ್ಬರು ಕಳ್ಳರು ಒಂದೇ ಬಾಯಿಯಲ್ಲಿ, ನಿಮ್ಮ ಮೀಟರು ಸುಳ್ಳು ಎನ್ನುತ್ತಿದ್ದಾರೆ. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದ ಹಾಗಿದೆ. ಅವರ ಮನಸ್ಸಿನಲ್ಲಿ ಓಡುತ್ತಿದ್ದದ್ದು ಮುಖದ ಮೇಲೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹಾಳೆಯ ಮೇಲೆ ಇನ್ನೂ ಒಂದು ಸಹಿಯೂ ಬಿದ್ದಿರಲಿಲ್ಲ. ಮಷೀನು ಪೀಂ ಎಂದು ಕೂಗುತ್ತಲೇ ಇತ್ತು.

ಮೇಸ್ತ್ರಿ ಕುರ್ಚಿಯ ತೋಳಿನಿಂದ ಒಂದು ಕೈ ಎತ್ತಿ ಹೆಂಡತಿಯ ಸೆರಗಿನ ತುದಿ ಹಿಡಿದರು. ಮಾತಾಡಲು ಎರಡು ಸಲ ಬಾಯಿ ತೆರೆದು, ಮೂರನೇ ಸಲಕ್ಕೆ ಒಂದೇ ಮಾತು ಬಂತು.

"ತೆಗಿ... ಮಾರಾಯ್ತಿ."

ತುಟಿಯ ಅಂಚು ಬಣ್ಣ ತಿರುಗಿತ್ತು. ಸೀಲಮ್ಮ ಅದನ್ನು ನೋಡಿದರು. ಮೇಜಿನ ಮೇಲಿನ ಇಕ್ಕಳ ಎತ್ತಿಕೊಂಡು, ಮೂವತ್ತೊಂದು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದರು. ಸಹಿ ಬೀಳದ ಮಹಜರಿನ ಮುಂದೆ ತಾವೇ ಹಾಕಿದ ಸೀಲನ್ನು ತಾವೇ ಕತ್ತರಿಸಿದರು. ಸೀಸದ ಗುಂಡು ಟಣ್ಣೆಂದು ನೆಲಕ್ಕೆ ಬಿತ್ತು. ವಾಲ್ವನ್ನೂ ಬೇರೆಯವರಿಗೆ ಬಿಡಲಿಲ್ಲ. ಅವರೇ ತಿರುಗಿಸಿದರು.

ಮುಳ್ಳು ಸೊನ್ನೆಯಿಂದ ಎದ್ದು, ಒಂದೇ ನೆಗೆತಕ್ಕೆ ನೂರೈವತ್ತಕ್ಕೆ ಹೋಗಿ ನಿಂತಿತು.

ವೆಲ್ಡರು ಕೊಳವೆ ಬದಲಿಸಿದ. ಸುಸ್ಸೆಂಬ ಸಣ್ಣ ಸದ್ದು. ನಾದಿನಿ ಮಷೀನಿನ ಸ್ವಿಚ್ಚು ಒತ್ತಿ ಅದರ ಬಾಯಿ ಮುಚ್ಚಿಸಿದಳು. ಹೊರಗೆ ಬೀದಿಗೆ ಬೀದಿಯೇ ಕಿತ್ತುಹೋಗುವ ಹಾಗೆ ಗಾಳಿ. ಒಳಗೆ ನಾವು ನಾಲ್ವರೂ ಒಬ್ಬ ಮನುಷ್ಯನ ಎದೆ ಏರಿ ಇಳಿಯುವುದನ್ನು ನೋಡುತ್ತಾ ನಿಂತೆವು. ಹತ್ತು ನಿಮಿಷದ ಮೇಲೆ ತುಟಿಗೆ ಬಣ್ಣ ಮರಳಿತು. ಇನ್ನೂ ಐದು ನಿಮಿಷಕ್ಕೆ ಮೇಸ್ತ್ರಿಗೆ ಮಾತೂ ಮರಳಿತು.

"ಇವಳೇ... ಹೇಗೂ ಇಕ್ಕಳ ಕೈಯಲ್ಲಿದೆ. ಆ ಬಿಸ್ಕತ್ತಿನ ಡಬ್ಬದ್ದೂ ತೆಗೆದ್ಬಿಡು."

ಮೊದಲು ನಕ್ಕವಳು ನಾದಿನಿ. ನಗುತ್ತಲೇ ಕಣ್ಣೊರೆಸಿಕೊಂಡಳು. ಸೀಲಮ್ಮ ನಗಲಿಲ್ಲ, ಆದರೆ ಹೋಗಿ ಬಿಸ್ಕತ್ತಿನ ಡಬ್ಬದ ಸೀಲು ಕತ್ತರಿಸಿದರು. ಮೇಣದ ಬತ್ತಿಯ ಪೆಟ್ಟಿಗೆಯದನ್ನೂ ಕತ್ತರಿಸಿ ಕಡ್ಡಿ ಗೀರಲು ಹೊರಟಾಗ ವೆಲ್ಡರು ಎದ್ದು ನಿಂತ.

"ಅಮ್ಮಾ, ಆಕ್ಸಿಜನ್ ಓಡ್ತಾ ಇರೋ ಕೋಣೇಲಿ ಬೆಂಕಿ ಬೇಡ. ಇಲ್ಲಿಗೆ ಟಾರ್ಚೇ ಸಾಕು."

ಅವರು ಒಂದು ಗಳಿಗೆ ಅವನ ಮುಖ ನೋಡಿ, ಕಡ್ಡಿಪೆಟ್ಟಿಗೆಯನ್ನು ನಾದಿನಿಯ ಕೈಗೆ ಕೊಟ್ಟರು. ಅರ್ಜಿ ಇಲ್ಲದೆ.

"ನಿಂಗಿದೆಲ್ಲಾ ಗೊತ್ತಿದ್ದೂ ಯಾಕಪ್ಪಾ ಮೊದಲೇ ಹೇಳ್ಲಿಲ್ಲ?"

"ನೀವು ಕೇಳಿದ್ದು ಕದಿಯೋದು ಹೇಗೆ ಅಂತ ಅಮ್ಮಾ. ತೆರೆಯೋದು ಹೇಗೆ ಅಂತ ಕೇಳ್ಲಿಲ್ಲ."

ಗಾಳಿ ಸ್ವಲ್ಪ ತಗ್ಗುವ ತನಕ ನಾನು ಅಲ್ಲೇ ಉಳಿಯಬೇಕಾಯಿತು. ಸಂಜೆಯ ಕೊನೆಯ ಬೆಳಕಿನಲ್ಲಿ ಸೀಲಮ್ಮ ಮೇಜಿನ ಮುಂದೆ ಕೂತು ಬರೆಯತೊಡಗಿದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು, ಕಚೇರಿಯ ದನಿಯಲ್ಲಿ:

"ಒಂದು: ಸೀಲು ಸರಿಯಿತ್ತು. ಎರಡು: ಮುಳ್ಳು ಸೊನ್ನೆಯಲ್ಲಿತ್ತು. ಮೂರು: ಸೀಲು ತೆಗೆದು ವಾಲ್ವು ತಿರುಗಿಸಲಾಗಿ ಸಿಲಿಂಡರು ತುಂಬಿರುವುದು ಕಂಡುಬಂತು. ಕಳ್ಳತನ ನಡೆದಿಲ್ಲ. ನಾಲ್ಕು: ತಪ್ಪು ಮೀಟರಿನದ್ದಲ್ಲ, ಓದಿದವರದ್ದು."

ನಾಲ್ಕನೇ ಸಾಲನ್ನು ಓದುವಾಗ ಅವರು ತಲೆ ತಗ್ಗಿಸಲಿಲ್ಲ. ಗಂಡನ ಕಡೆಗೊಮ್ಮೆ ನೋಡಿದರು, ಅಷ್ಟೇ. "ಸಹಿ ಹಾಕಿ," ಎಂದು ಹಾಳೆ ಮುಂದೆ ಸರಿಸಿದರು. ತಮ್ಮ ತಪ್ಪಿಗೆ ಮೂರು ಸಾಕ್ಷಿಗಳ ಸಹಿ ಪಡೆದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಮನಸ್ಸು ತುಂಬಿ ಬಂದು ಮೊದಲ ಸಹಿ ನಾನೇ ಹಾಕಿದೆ. ವೆಲ್ಡರು ಹಾಕಿದ. ನಾದಿನಿ ಹಾಕಿದಳು. ಸೀಲಮ್ಮ ಕಾರ್ಬನ್ ಪ್ರತಿಯನ್ನು ಮಡಿಸಿ ನನಗೆ ಕೊಟ್ಟರು.

ಮನೆಗೆ ಬಂದು ಟಾರ್ಚಿನ ಬೆಳಕಿಗೆ ಹಿಡಿದಾಗ ಅವರು ಓದದ ಸಾಲೊಂದು ಕೆಳಗೆ ಕಂಡಿತು. ಐದು: ಹಿತ್ತಲಿನ ಟಾರ್ಪಾಲು ಚೀಟಿಯಲ್ಲಿ ಹದಿನೆಂಟು ಅಡಿ, ಅಳತೆಯಲ್ಲಿ ಹದಿನೇಳು. ಮಾರಿದವರು ಹಾಜರಿದ್ದು ಒಪ್ಪಿ ಸಹಿ ಮಾಡಿದ್ದಾರೆ.

ಮರಗಳು ರಸ್ತೆಗೆ ಅಡ್ಡ ಬಿದ್ದು ಪಕ್ಕದ ಊರಿನ ಗಾಡಿ ಗುರುವಾರವೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಕರೆಂಟು ಬಂದದ್ದು ಶುಕ್ರವಾರ ಮಧ್ಯಾಹ್ನ. ಅಷ್ಟು ಹೊತ್ತೂ ಮೇಸ್ತ್ರಿ ಉಸಿರಾಡಿದ್ದು ಆ ಒಂದು ಸಿಲಿಂಡರಿನಿಂದ. ಸೀಲಮ್ಮ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಗಂಟೆಗೊಮ್ಮೆ ಮುಳ್ಳು ಬರೆದುಕೊಂಡರಂತೆ. ಕರೆಂಟು ಬಂದಾಗ ಮೂವತ್ತೈದಿತ್ತು.

ಈಗ ಸಿಲಿಂಡರಿಗೆ ಸೀಲಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಸೀಲಮ್ಮ ಮೆಟ್ಟಿಲ ಕೆಳಗೆ ನಿಂತು ವೆಲ್ಡರನ್ನು ಕರೆಯುತ್ತಾರೆ. 'ಬಾರಪ್ಪಾ, ಒಂದ್ಸಲ ತೆರೆದು ತೋರಿಸು.' ಅವನು ತೆರೆಯುತ್ತಾನೆ, ಮುಚ್ಚುತ್ತಾನೆ. ಅವರು ಹಿಂದೆ ನಿಂತು ಅವನ ಕೈ ನೋಡುತ್ತಿರುತ್ತಾರೆ.

ರಸ್ತೆ ತೆರವಾದ ಮೇಲೆ ಹೊಸ ಟಾರ್ಪಾಲನ್ನೂ ತುಂಬಿದ ಸಿಲಿಂಡರನ್ನೂ ನಾನೇ ಒಯ್ದುಕೊಟ್ಟೆ. ಟಾರ್ಪಾಲನ್ನು ಅಳೆದರು. ಹದಿನೆಂಟಿತ್ತು. ಬರೆದುಕೊಂಡರು. ಆಮೇಲೆ ವೆಲ್ಡರು ಸಿಲಿಂಡರಿನ ವಾಲ್ವು ತಿರುಗಿಸಿದ. ಅಂದು ಕಂಪನಿಯವರು ಸ್ವಲ್ಪ ಧಾರಾಳವಾಗಿ ತುಂಬಿಸಿದ್ದರೋ ಏನೋ, ಮುಳ್ಳು ನೂರೈವತ್ತನ್ನು ದಾಟಿ ಕೂದಲೆಳೆಯಷ್ಟು ಆಚೆ ನಿಂತಿತು. ಕುರ್ಚಿಯಲ್ಲಿದ್ದ ಮೇಸ್ತ್ರಿಯ ಮುಖ ಅರಳಿತು. ನಾನೂ ಶಭಾಸ್‌ಗಿರಿ ಸಿಗಬಹುದೆಂದು ಕಾದೆ.

ಸೀಲಮ್ಮ ಕನ್ನಡಕ ಏರಿಸಿದರು. ಬಗ್ಗಿ ಎಡದಿಂದ ನೋಡಿದರು, ಬಲದಿಂದ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಸಾವ್ಕಾರ್ರೇ, ಇದ್ಯಾಕೆ ಜಾಸ್ತಿ ಇದೆ?"